ಮೊಹಿಕನ್ನರ ಕಾದಂಬರಿಯೂ ಅದರ ಇನ್ನೂರು ವರ್ಷದ ಓದುಗರೂ: ಒಂದು ಪ್ರಕರಣ ಅಧ್ಯಯನ

ಅಮೆರಿಕದ ಮೂಲನಿವಾಸಿ ಬುಡಕಟ್ಟಾದ ಮೊಹಿಕನ್ನರ ಮೇಲೆ ಬರೆದ ‘ದಿ ಲಾಸ್ಟ್ ಆಫ್ ದಿ ಮೊಹಿಕನ್ಸ್’ (ಮೊಹಿಕನ್ನರಲ್ಲಿ ಕೊನೆಯವನು) ಕಾದಂಬರಿಯನ್ನು ಯಾರು ಓದಬಾರದು ಅಂತ ಅದರ ಲೇಖಕ, ಅಮೆರಿಕದ ಜೇಮ್ಸ್ ಫೆನಿಮೋರ್ ಕೂಪರ್ ಮೊದಲ ಮುನ್ನುಡಿಯಲ್ಲೇ ಹೇಳಿಬಿಟ್ಟಿದ್ದರು. ದಿವಾನಖಾನೆಯ ನಾಲ್ಕು ಗೋಡೆ ದಾಟದ ಹುಡುಗಿಯರು, ಒಂದು ವಯಸ್ಸು ಕಳೆದ ಒಂಟಿ ಗಂಡಸರು, ಪಾದ್ರಿಗಳು. ಇವರೆಲ್ಲ ಪುಸ್ತಕ ಕೈಗೆತ್ತಿಕೊಂಡಿದ್ದರೆ ಕೆಳಗಿಟ್ಟುಬಿಡಲಿ ಅಂತ ಸಲಹೆ ಕೊಟ್ಟರು. ಇದು ಕಲ್ಪನೆಯ ಚಿತ್ರ ಅಲ್ಲ, 1757ರಲ್ಲಿ ನಡೆದದ್ದರ ನಿರೂಪಣೆ ಅನ್ನೋದು ಅವರ ಮಾತು. ಮುಖಪುಟದ ಮೇಲೂ ಹಾಗೇ ಅಚ್ಚಾಗಿತ್ತು.

ಯಾರೂ ಆ ಸಲಹೆ ಕೇಳಲಿಲ್ಲ. 1826ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಎರಡು ಸಂಪುಟಗಳಾಗಿ ಬಂದ ‘ದಿ ಲಾಸ್ಟ್ ಆಫ್ ದಿ ಮೊಹಿಕನ್ಸ್’ ಕೆಲವೇ ತಿಂಗಳಲ್ಲಿ ಅಟ್ಲಾಂಟಿಕ್ ದಾಟಿತು. ಅದೇ ವರ್ಷ ಫ್ರೆಂಚ್‌ನಲ್ಲಿ ಬಂತು. ಅಲ್ಲಿಂದ ಇಲ್ಲಿವರೆಗೆ ಅದು ಅಂಗಡಿಯಿಂದ ಮಾಯವಾಗಿಲ್ಲ. ಆದರೆ ಅದರ ಬಗ್ಗೆ ಓದುಗರ ಅಭಿಪ್ರಾಯ ಮಾತ್ರ ಒಂದಾಗಲೇ ಇಲ್ಲ. ಒಬ್ಬರು ಸಾಯುವ ಹಾಸಿಗೆಯಲ್ಲಿ ಕೂಪರ್ ಅವರ ಇನ್ನೊಂದು ಪುಸ್ತಕ ಸಿಗುತ್ತಾ ಅಂತ ಕೇಳಿದರು. ಇನ್ನೊಬ್ಬರು ಇದೇ ಲೇಖಕರ ತಪ್ಪುಗಳ ಪಟ್ಟಿ ಮಾಡಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಇವತ್ತಿಗೂ ಅಷ್ಟೇ. ‘ಕೆಳಗಿಡೋಕೆ ಆಗಲಿಲ್ಲ’ ಅನ್ನುವವರೂ ಸಿಗುತ್ತಾರೆ, ‘ಮೂರನೇ ಅಧ್ಯಾಯ ದಾಟೋಕೆ ಆಗಲಿಲ್ಲ’ ಅನ್ನುವವರೂ ಸಿಗುತ್ತಾರೆ.

ಇದನ್ನು ಒಂದು ಪ್ರಕರಣವಾಗಿ ತೆಗೆದುಕೊಂಡು ನೋಡಬೇಕು ಅನಿಸಿತು. ಯಾರ ಅಭಿಪ್ರಾಯ ಎಲ್ಲಿಂದ ಬಂತು? ಅದರಲ್ಲಿ ಎಷ್ಟು ಸರಿ? ಮುಖ್ಯವಾಗಿ, ಎರಡು ಶತಮಾನದ ಈ ಮಾತುಕತೆಯಲ್ಲಿ ಯಾರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ?

ಕತೆ ಮತ್ತು ಅದರ ಜಾಗ

ಇದು ಅಮೆರಿಕದ ‘ಪಶ್ಚಿಮದ ಗಡಿ’ಯ ಕತೆ. ಹಾಗಂದ ಕೂಡಲೇ ನಮಗೆ ಕೌಬಾಯ್, ಮರುಭೂಮಿ ನೆನಪಾಗುತ್ತವೆ. ಈ ಕಾದಂಬರಿಯಲ್ಲಿ ಅದ್ಯಾವುದೂ ಇಲ್ಲ. 1757ರಲ್ಲಿ ಇಂಗ್ಲಿಷ್ ವಸಾಹತುಗಳ ಗಡಿ ಇದ್ದದ್ದು ಇವತ್ತಿನ ನ್ಯೂಯಾರ್ಕ್ ರಾಜ್ಯದ ಉತ್ತರದ ಕಾಡುಗಳಲ್ಲಿ. ಜಾರ್ಜ್ ಸರೋವರ, ಹಡ್ಸನ್ ನದಿಯ ಮೇಲ್ಭಾಗ, ಗ್ಲೆನ್ಸ್ ಫಾಲ್ಸ್‌ನ ಜಲಪಾತ. ಬ್ರಿಟನ್ ಮತ್ತು ಫ್ರಾನ್ಸ್ ಆ ಕಾಡಿಗಾಗಿ ಕಾದಾಡುತ್ತಿದ್ದವು. ಎರಡೂ ಕಡೆ ಮೂಲನಿವಾಸಿ ಬುಡಕಟ್ಟುಗಳ ಯೋಧರಿದ್ದರು.

ಕೋರಾ ಮತ್ತು ಆಲಿಸ್ ಅಕ್ಕತಂಗಿಯರು. ಎಡ್ವರ್ಡ್ ಕೋಟೆಯಿಂದ ವಿಲಿಯಂ ಹೆನ್ರಿ ಕೋಟೆಗೆ, ಅಲ್ಲಿ ದಂಡನಾಯಕನಾಗಿರುವ ಅಪ್ಪ ಮನ್ರೋನನ್ನು ನೋಡಲು ಹೊರಡುತ್ತಾರೆ. ಜೊತೆಗೆ ಹೇವರ್ಡ್ ಅನ್ನುವ ಸೇನಾಧಿಕಾರಿ. ದಾರಿ ತೋರಿಸುವವನು ಹ್ಯೂರನ್ ಬುಡಕಟ್ಟಿನ ಮಾಗುವಾ. ಅವನು ಮೋಸ ಮಾಡುತ್ತಾನೆ. ಕಾಡಿನಲ್ಲಿ ಅವರಿಗೆ ಸಿಗುವವರು ಹಾಕ್‌ಐ ಅನ್ನುವ ಬಿಳಿಯ ಬೇಟೆಗಾರ, ಅವನ ಮೊಹಿಕನ್ ಗೆಳೆಯ ಚಿಂಗಾಚ್‌ಗುಕ್, ಚಿಂಗಾಚ್‌ಗುಕ್‌ನ ಮಗ ಅಂಕಾಸ್. ಮುಂದೆ ಎಲ್ಲವೂ ಓಟ, ಬೆನ್ನಟ್ಟುವಿಕೆ, ಸೆರೆ, ಬಿಡುಗಡೆ. ಮಧ್ಯದಲ್ಲಿ ಕೋಟೆಯ ಮುತ್ತಿಗೆ, ಆಮೇಲೆ ಹತ್ಯಾಕಾಂಡ. ಕೊನೆಗೆ ಕೋರಾಳೂ ಸಾಯುತ್ತಾಳೆ, ಅಂಕಾಸ್‌ನೂ ಸಾಯುತ್ತಾನೆ, ಮಾಗುವಾನೂ ಸಾಯುತ್ತಾನೆ. ತಾಮೆನುಂಡ್ ಅನ್ನುವ ಹಣ್ಣು ಹಣ್ಣು ಮುದುಕ, ಮೊಹಿಕನ್ನರ ಕೊನೆಯ ಯೋಧನನ್ನು ನೋಡುವಷ್ಟು ಕಾಲ ನಾನು ಬದುಕಿದೆ ಅಂತ ಹೇಳುವಲ್ಲಿ ಪುಸ್ತಕ ಮುಗಿಯುತ್ತದೆ.

ಹಾಕ್‌ಐ ಇರುವ ಕಾದಂಬರಿಗಳು ಒಟ್ಟು ಐದು. ಇದು ಎರಡನೆಯದು. ಮೊದಲನೆಯದು 1823ರಲ್ಲಿ ಬಂತು, ಕೊನೆಯದು 1841ರಲ್ಲಿ. ಐದರಲ್ಲಿ ಜಾಸ್ತಿ ಓದಿಸಿಕೊಂಡದ್ದು ಇದೇ.

ಮನಸೋತವರು

1828ರ ನವೆಂಬರ್ 12ರಂದು ವಿಯೆನ್ನಾದಲ್ಲಿ ಸಂಗೀತಗಾರ ಫ್ರಾಂಜ್ ಶೂಬರ್ಟ್ ತಮ್ಮ ಗೆಳೆಯ ಶೋಬರ್‌ಗೆ ಒಂದು ಪತ್ರ ಬರೆದರು. ಹನ್ನೊಂದು ದಿನದಿಂದ ಏನೂ ತಿಂದಿಲ್ಲ, ಕುಡಿದಿಲ್ಲ, ಕುರ್ಚಿಯಿಂದ ಹಾಸಿಗೆಗೆ ತೂರಾಡುತ್ತಾ ಹೋಗುತ್ತೇನೆ ಅಂತ ಶುರುವಾಗುತ್ತದೆ ಆ ಪತ್ರ. ನಂತರ ಕೇಳುವುದು ಔಷಧಿಯನ್ನಲ್ಲ, ಪುಸ್ತಕವನ್ನು. ಕೂಪರ್ ಅವರ ನಾಲ್ಕು ಪುಸ್ತಕ ಓದಿಯಾಗಿದೆ ಅಂತ ಹೆಸರು ಬರೆದಿದ್ದಾರೆ, ಅದರಲ್ಲಿ ನಮ್ಮ ಕಾದಂಬರಿಯೇ ಮೊದಲು. ಬೇರೆ ಏನಾದರೂ ಇದ್ದರೆ ದಯವಿಟ್ಟು ಕಾಫಿ ಹೌಸ್‌ನಲ್ಲಿ ಕೊಟ್ಟುಹೋಗು ಅಂತ ಕೇಳಿಕೊಂಡಿದ್ದಾರೆ. ಒಂದೇ ವಾರಕ್ಕೆ, ನವೆಂಬರ್ 19ರಂದು, ಅವರು ತೀರಿಕೊಂಡರು. ವಯಸ್ಸು ಇನ್ನೂ 31.

ಈ ಪತ್ರ ನನಗೆ ತುಂಬ ಮುಖ್ಯ ಅನಿಸುತ್ತದೆ. ಸಾಹಿತ್ಯದ ಗುಣ ಅಳೆಯುವ ವಿಮರ್ಶಕ ಇಲ್ಲಿ ಮಾತಾಡುತ್ತಿಲ್ಲ. ಕೋಣೆ ಬಿಟ್ಟು ಹೊರಗೆ ಹೋಗಲಾಗದ ಒಬ್ಬ ರೋಗಿ ಮಾತಾಡುತ್ತಿದ್ದಾನೆ. ಅವನಿಗೆ ಬೇಕಾದದ್ದು ದೂರದ ಕಾಡು, ನೀರಿನ ಸದ್ದು, ಮುಂದೇನಾಗುತ್ತೆ ಅನ್ನುವ ಕಾತರ. ಈ ಪುಸ್ತಕ ಅದನ್ನು ಧಾರಾಳವಾಗಿ ಕೊಡುತ್ತದೆ. ಗ್ಲೆನ್ಸ್ ಫಾಲ್ಸ್‌ನ ಗುಹೆಯ ಅಧ್ಯಾಯಗಳನ್ನು ಓದಿದರೆ ಗೊತ್ತಾಗುತ್ತದೆ. ರಾತ್ರಿ, ಸುತ್ತಲೂ ಭೋರ್ಗರೆಯುವ ನೀರು, ಬಂಡೆಯ ಒಳಗೆ ಅಡಗಿದ ಆರೇಳು ಜನ. ಇದ್ದಕ್ಕಿದ್ದ ಹಾಗೆ ಎಲ್ಲಿಂದಲೋ ಒಂದು ಕೂಗು. ಅದು ಮನುಷ್ಯನದಾ, ಪ್ರಾಣಿಯದಾ ಅಂತ ಕಾಡಿನಲ್ಲೇ ಹುಟ್ಟಿ ಬೆಳೆದ ಹಾಕ್‌ಐಗೂ ತಿಳಿಯುವುದಿಲ್ಲ. ಸಾವಿನ ಭಯಕ್ಕೆ ಕುದುರೆಗಳು ಹಾಕಿದ ಕೂಗು ಅಂತ ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಗುತ್ತದೆ. ಆ ಕೆಲವು ಪುಟಗಳನ್ನು ನಾನು ಯಾವ ಸಾಹಸ ಕತೆಯ ಎದುರಿಗೂ ಇಡಬಲ್ಲೆ.

ಈ ದೃಶ್ಯ ಸುಮ್ನೆ ಹುಟ್ಟಿದ್ದಲ್ಲ. 1824ರಲ್ಲಿ ಕೂಪರ್ ಕೆಲವು ಇಂಗ್ಲಿಷ್ ಪ್ರವಾಸಿಗರ ಜೊತೆ ಆ ಜಲಪಾತಕ್ಕೆ ಹೋಗಿದ್ದರು. ಅವರಲ್ಲಿ ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಎಡ್ವರ್ಡ್ ಸ್ಟಾನ್ಲಿಯೂ ಇದ್ದರು. ಅಲ್ಲೇ ಈ ಕತೆ ಬರೆಯುವ ಯೋಚನೆ ಬಂತು. ಅಲ್ಲಿನ ಗುಹೆಯನ್ನು ಜನ ಇವತ್ತಿಗೂ ಕೂಪರ್ ಗುಹೆ ಅಂತಲೇ ಕರೆಯುತ್ತಾರೆ. ಜಾರ್ಜ್ ಸರೋವರಕ್ಕೆ ಕಾದಂಬರಿಯಲ್ಲಿ ಇಟ್ಟ ‘ಹೊರಿಕನ್’ ಅನ್ನುವ ಹೆಸರು ಸರೋವರಕ್ಕೆ ಅಂಟಲಿಲ್ಲ. ಆದರೆ ಅದೇ ಸೀಮೆಯಲ್ಲಿ ಹೊರಿಕನ್ ಅನ್ನುವ ಊರೊಂದಿದೆ. ಓದುಗರ ಪ್ರೀತಿ ನಕ್ಷೆಯ ಮೇಲೂ ಗುರುತು ಬಿಟ್ಟಿತು.

ಯುರೋಪಿನಲ್ಲಿ ಜರ್ಮನ್ ಕವಿ ಗಯಟೆ ಓದಿದರು, ಫ್ರೆಂಚ್ ಕಾದಂಬರಿಕಾರ ಬಾಲ್ಜಾಕ್ ಮೆಚ್ಚಿದರು. ಇನ್ನೊಬ್ಬ ಫ್ರೆಂಚ್ ಕಾದಂಬರಿಕಾರ ಡ್ಯೂಮಾ ಪ್ಯಾರಿಸ್ಸಿನ ಮೇಲೆ ಬರೆದ ಕಾದಂಬರಿಯ ಹೆಸರಲ್ಲೇ ಮೊಹಿಕನ್ನರನ್ನು ತಂದರು. ಅಮೆರಿಕದ ಕಾಡನ್ನು ಎಂದೂ ನೋಡದವರಿಗೆ ಆ ಕಾಡು ಹೀಗೆ ಪರಿಚಯವಾಯಿತು. ಅವರ ಮೆಚ್ಚುಗೆಯಲ್ಲಿ ಒಂದು ಅನುಕೂಲವೂ ಇತ್ತು. ಕಾಡಿನ ವಿವರ ತಪ್ಪಾಗಿದ್ದರೆ ಅವರಿಗೆ ಗೊತ್ತಾಗುವ ಹಾಗಿರಲಿಲ್ಲ.

ತಪ್ಪು ಹುಡುಕಿದವರು

ಗೊತ್ತಿದ್ದವರು ಸುಮ್ಮನಿರಲಿಲ್ಲ. ಕೂಪರ್ ಮೇಲೆ ಬಂದ ಟೀಕೆಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಮಾರ್ಕ್ ಟ್ವೈನ್ ಅವರದು. 1895ರ ಜುಲೈನಲ್ಲಿ ‘ನಾರ್ತ್ ಅಮೆರಿಕನ್ ರಿವ್ಯೂ’ ಪತ್ರಿಕೆಯಲ್ಲಿ ಬಂತು. ಕೂಪರ್ ತೀರಿಕೊಂಡು ಆಗ 44 ವರ್ಷ ಆಗಿತ್ತು. ಸಾಹಸ ಕತೆ ಬರೆಯಲು 19 ನಿಯಮಗಳಿವೆ, ಕೂಪರ್ ಅದರಲ್ಲಿ 18 ಮುರಿದಿದ್ದಾರೆ ಅಂತ ಟ್ವೈನ್ ಲೆಕ್ಕ ಕೊಟ್ಟರು. ಪಾತ್ರಗಳು ಒಂದು ಪುಟದಲ್ಲಿ ಪಂಡಿತರ ಹಾಗೆ, ಮುಂದಿನ ಪುಟದಲ್ಲಿ ಹಳ್ಳಿಗರ ಹಾಗೆ ಮಾತಾಡುತ್ತವೆ. ಯಾರಾದರೂ ಸದ್ದು ಮಾಡಬಾರದು ಅಂದಾಗಲೆಲ್ಲ ಒಣಕಡ್ಡಿ ಮೇಲೆ ಕಾಲಿಡುತ್ತಾರೆ. ಹೀಗೇ ಪಟ್ಟಿ ಬೆಳೆಯುತ್ತದೆ.

ಟ್ವೈನ್ ಮಿಸಿಸಿಪ್ಪಿ ನದಿಯಲ್ಲಿ ಹಡಗು ನಡೆಸಿದವರು. ನೀರು ಹೇಗೆ ಹರಿಯುತ್ತೆ, ದೋಣಿ ಹೇಗೆ ತಿರುಗುತ್ತೆ ಅನ್ನೋದು ಅವರಿಗೆ ಹೊಟ್ಟೆಪಾಡಿನ ವಿದ್ಯೆ. ಹಾಗಾಗಿ ಅವರ ಆಕ್ಷೇಪಣೆಗಳಲ್ಲಿ ತುಂಬ ತೂಕ ಇರುವುದು ನೀರಿನ ವಿಷಯದಲ್ಲಿ. ನಿಧಾನಕ್ಕೆ ಸಾಗುವ ಒಂದು ದೊಡ್ಡ ದೋಣಿಯ ಮೇಲೆ ಮರದಿಂದ ಆರು ಜನ ಹಾರಿದರೆ ಐದು ಜನ ಗುರಿ ತಪ್ಪಿ ನೀರಿಗೆ ಬೀಳುವುದು ಹೇಗೆ ಅಂತ ಅವರು ಅಡಿ ಲೆಕ್ಕ ಹಾಕಿ ಕೇಳುತ್ತಾರೆ. ಆದರೆ ಈ ದೋಣಿ ಇರುವುದು ಕೂಪರ್ ಅವರದೇ ಇನ್ನೊಂದು ಕಾದಂಬರಿ ‘ದಿ ಡೀರ್‌ಸ್ಲೇಯರ್’ನಲ್ಲಿ. ಟ್ವೈನ್ ಪ್ರಬಂಧದ ಬಹುಪಾಲು ಆ ಪುಸ್ತಕದ ಮೇಲೆಯೇ ಇದೆ. ಇದನ್ನು ಮರೆತು, ಮೊಹಿಕನ್ನರ ಕತೆಯನ್ನೇ ಟ್ವೈನ್ ಪುಡಿಗಟ್ಟಿದರು ಅಂತ ಹೇಳುವವರು ಬಹಳ.

ನಮ್ಮ ಕಾದಂಬರಿಗೂ ಏಟು ಬಿದ್ದಿದೆ, ಇಲ್ಲ ಅಂತಲ್ಲ. ದಟ್ಟ ಮಂಜಿನಲ್ಲಿ ದಾರಿ ತಪ್ಪಿದವರು ಫಿರಂಗಿ ಗುಂಡು ನೆಲದಲ್ಲಿ ಕೊರೆದ ಗೆರೆ ಹಿಡಿದು ಕೋಟೆಯ ದಿಕ್ಕು ಹುಡುಕುವ ಜಾಗವನ್ನು ಟ್ವೈನ್ ಬಿಟ್ಟಿಲ್ಲ. ಹರಿಯುವ ತೊರೆಯನ್ನೇ ಪಕ್ಕಕ್ಕೆ ತಿರುಗಿಸಿ, ಅದರ ತಳದ ಕೆಸರಿನಲ್ಲಿ ಮೊಕಾಸಿನ್ (ಮೂಲನಿವಾಸಿಗಳ ಮೆತ್ತನೆಯ ಚರ್ಮದ ಪಾದರಕ್ಷೆ) ಹೆಜ್ಜೆ ಗುರುತು ಕಂಡುಹಿಡಿಯುವುದನ್ನೂ ಬಿಟ್ಟಿಲ್ಲ. ಹರಿಯುವ ನೀರಿನ ಅಡಿಯಲ್ಲಿ ಹೆಜ್ಜೆ ಅಳಿಸದೆ ಉಳಿಯುತ್ತಾ? ಕೆರೆ ತೊರೆ ಕಂಡ ಯಾರಿಗಾದರೂ ಉತ್ತರ ಗೊತ್ತು. ಇವಕ್ಕೆ ಇನ್ನೆರಡು ನಾನೇ ಸೇರಿಸುತ್ತೇನೆ. ಹಾಕ್‌ಐ ಕರಡಿ ಚರ್ಮ ಹೊದ್ದು ಶತ್ರುಗಳ ಬೀಡಿನ ಒಳಗೆ ಓಡಾಡುತ್ತಾನೆ. ಹುಟ್ಟಾ ಬೇಟೆಗಾರರಾದ ಹ್ಯೂರನ್ನರಿಗೆ ಅದು ಗೊತ್ತಾಗುವುದಿಲ್ಲ. ಚಿಂಗಾಚ್‌ಗುಕ್ ಬೀವರ್ ಪ್ರಾಣಿಯ ತಲೆ ತೊಟ್ಟು ಬೀವರ್‌ಗಳ ಮಧ್ಯೆ ಕೂರುತ್ತಾನೆ. ಎರಡನ್ನೂ ಓದುವಾಗ ನಂಬಿಕೆ ಸಡಿಲವಾಗುತ್ತದೆ.

ಹೆಂಗಸರ ಪಾತ್ರಗಳ ಬಗ್ಗೆ ಟೀಕೆ ಇನ್ನೂ ಹಳೆಯದು. 1848ರಲ್ಲೇ ಕವಿ ಜೇಮ್ಸ್ ರಸೆಲ್ ಲೋವೆಲ್, ಕೂಪರ್ ಸೃಷ್ಟಿಸಿದ ಹೆಣ್ಣುಗಳೆಲ್ಲ ಮೇಪಲ್ ಮರದ ಹಾಗೆ ಬರೀ ರಸ, ಹುಲ್ಲುಗಾವಲಿನ ಹಾಗೆ ಚಪ್ಪಟೆ ಅಂತ ಪದ್ಯದಲ್ಲಿ ಬರೆದರು. ಆಲಿಸ್ ವಿಷಯದಲ್ಲಿ ಇದು ಒಪ್ಪುವ ಮಾತೇ. ಅವಳು ಎಷ್ಟು ಸಲ ಮೂರ್ಛೆ ಹೋಗುತ್ತಾಳೋ! ಕೋರಾಳ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. ಗುಹೆಯಲ್ಲಿ ಬಂದೂಕಿನ ಮದ್ದು ಮುಗಿದು ಎಲ್ಲರೂ ಸಾಯಲು ತಯಾರಾದಾಗ, ನೀವು ಹೊಳೆಯಲ್ಲಿ ಈಜಿ ತಪ್ಪಿಸಿಕೊಳ್ಳಿ, ಸಹಾಯ ತನ್ನಿ ಅಂತ ಗಂಡಸರಿಗೆ ಬುದ್ಧಿ ಹೇಳಿ ಕಳಿಸುವವಳು ಅವಳೇ. ಇಡೀ ಗುಂಪಿನಲ್ಲಿ ತಲೆ ನೆಟ್ಟಗಿರುವುದು ಅವಳೊಬ್ಬಳಿಗೆ.

ಆದರೂ ಕೂಪರ್ ಅವಳನ್ನು ಉಳಿಸಲಿಲ್ಲ. ಕೋರಾಳ ತಾಯಿ ವೆಸ್ಟ್ ಇಂಡೀಸ್‌ನವಳು, ಗುಲಾಮರ ವಂಶದ ರಕ್ತ ಅವಳಲ್ಲಿತ್ತು. ಮನ್ರೋ ಈ ವಿಷಯ ಹೇವರ್ಡ್‌ಗೆ ಹೇಳುವ ದೃಶ್ಯ ಇದೆ. ಹೇವರ್ಡ್ ಮದುವೆಗೆ ಕೇಳಿದ್ದು ಆಲಿಸ್‌ಳನ್ನು. ಅಂಕಾಸ್ ಕೋರಾಳನ್ನು ಮೆಚ್ಚುತ್ತಾನೆ, ಬಾಯಿಬಿಟ್ಟು ಹೇಳದಿದ್ದರೂ ಓದುಗರಿಗೆ ತಿಳಿಯುತ್ತದೆ. ಇಬ್ಬರನ್ನೂ ಲೇಖಕರು ಕೊಲ್ಲುತ್ತಾರೆ. ಬಿಳಿಯ ಆಲಿಸ್, ಬಿಳಿಯ ಹೇವರ್ಡ್ ಸುಖವಾಗಿರುತ್ತಾರೆ. ಹಾಕ್‌ಐ ಅಂತೂ ತನ್ನ ರಕ್ತದಲ್ಲಿ ಬೆರಕೆ ಇಲ್ಲ ಅಂತ ಪುಸ್ತಕದ ಉದ್ದಕ್ಕೂ ಹೇಳುತ್ತಲೇ ಇರುತ್ತಾನೆ. ಬಿಳಿಯರ ಊರು ಬಿಟ್ಟು ಮೊಹಿಕನ್ ಗೆಳೆಯನ ಜೊತೆ ಜೀವನ ಕಳೆಯುವವನ ಬಾಯಲ್ಲಿ ಪದೇ ಪದೇ ಇದೇ ಮಾತು. ಈಗಿನ ಓದುಗರಿಗೆ ಇದು ಮುಳ್ಳಿನ ಹಾಗೆ ಚುಚ್ಚುತ್ತದೆ. ಚುಚ್ಚಲೇಬೇಕು.

ಇತಿಹಾಸ ಬಲ್ಲವರ ಓದು

ನಡೆದದ್ದರ ನಿರೂಪಣೆ ಅಂತ ಮುಖಪುಟದಲ್ಲೇ ಹಾಕಿದ ಮೇಲೆ ಇತಿಹಾಸ ಬಲ್ಲವರು ತಾಳೆ ನೋಡದೆ ಬಿಡುತ್ತಾರಾ?

ಮುತ್ತಿಗೆ ನಿಜ. 1757ರ ಆಗಸ್ಟ್ ಮೊದಲ ವಾರದಲ್ಲಿ ಫ್ರೆಂಚ್ ಸೇನಾಪತಿ ಮಾಂಟ್‌ಕಾಮ್ ವಿಲಿಯಂ ಹೆನ್ರಿ ಕೋಟೆಯನ್ನು ಸುತ್ತುವರಿದರು. ಒಳಗಿದ್ದವರು ಜಾರ್ಜ್ ಮನ್ರೋ. ದಕ್ಷಿಣಕ್ಕೆ ಎಡ್ವರ್ಡ್ ಕೋಟೆಯಲ್ಲಿದ್ದ ಜನರಲ್ ವೆಬ್ ಸಹಾಯ ಕಳಿಸಲಿಲ್ಲ. ಕಳಿಸಲಾಗದು ಅಂತ ಬರೆದ ಪತ್ರ ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿತು. ಆಗಸ್ಟ್ 9ರಂದು ಮನ್ರೋ ಶರಣಾದರು. ಸೈನಿಕರು ಬಂದೂಕು ಹಿಡಿದು ಗೌರವದಿಂದ ಹೊರಗೆ ಹೋಗಬಹುದು ಅನ್ನೋದು ಒಪ್ಪಂದ. ಮರುದಿನ ಹೊರಟವರ ಮೇಲೆ ಫ್ರೆಂಚರ ಜೊತೆಗಿದ್ದ ಯೋಧರು ಬಿದ್ದರು. ಇಷ್ಟೂ ದಾಖಲೆಯಲ್ಲಿದೆ.

ಮನ್ರೋ ಅವರ ಹೆಣ್ಣುಮಕ್ಕಳು ಕಲ್ಪನೆ. ಸತ್ತವರ ಲೆಕ್ಕವೂ ಬಹಳ ಜಾಸ್ತಿ. ಐನೂರರಿಂದ ಸಾವಿರದ ಐನೂರು ಅಂತ ಕೂಪರ್ ಅಡಿಟಿಪ್ಪಣಿಯಲ್ಲಿ ಕೊಟ್ಟಿದ್ದಾರೆ, ಆ ಕಾಲದಲ್ಲಿ ಓಡಾಡುತ್ತಿದ್ದ ಸಂಖ್ಯೆ ಅದು. ಇತಿಹಾಸಕಾರ ಇಯನ್ ಸ್ಟೀಲ್ 1990ರಲ್ಲಿ ಸೇನೆಯ ಪಟ್ಟಿಗಳನ್ನು ಒಂದೊಂದಾಗಿ ನೋಡಿ, ಸತ್ತವರು ಕಾಣೆಯಾದವರು ಸೇರಿ 69ರಿಂದ 184ರ ಒಳಗೆ ಇರಬಹುದು ಅಂತ ತೋರಿಸಿದರು. ಸಾವು ಸಾವೇ, ನಿಜ. ಆದರೆ ಈ ಅಂತರ ಸಣ್ಣದಲ್ಲ. ಒಂದು ಕಾದಂಬರಿ ಅಷ್ಟು ವರ್ಷ ದೊಡ್ಡ ಸಂಖ್ಯೆಯನ್ನು ಜನರ ತಲೆಯಲ್ಲಿ ಉಳಿಸಿತು.

ಪುಸ್ತಕದಲ್ಲಿ ಇಲ್ಲದ ಇನ್ನೊಂದು ಸಂಗತಿ ಇದೆ. ಗ್ರೇಟ್ ಲೇಕ್ಸ್ ಕಡೆಯಿಂದ ದೂರ ನಡೆದು ಬಂದ ಆ ಯೋಧರಿಗೆ ಯುದ್ಧದ ಸಂಬಳ ಅಂತ ಏನೂ ಇರಲಿಲ್ಲ. ಲೂಟಿ ಮತ್ತು ಸೆರೆಯಾಳು, ಅವೇ ಅವರ ಪಾಲು. ಅವರನ್ನು ಒಂದು ಮಾತೂ ಕೇಳದೆ ಫ್ರೆಂಚರೂ ಇಂಗ್ಲಿಷರೂ ಒಪ್ಪಂದ ಮಾಡಿಕೊಂಡು ಅದನ್ನು ತಪ್ಪಿಸಿದರು. ಸಿಟ್ಟು ಅಲ್ಲಿಂದ ಹುಟ್ಟಿತು. ಕೋಟೆಯಲ್ಲಿ ಸಿಡುಬು ಇತ್ತು. ಯೋಧರ ಜೊತೆ ಅದೂ ಅವರ ಹಳ್ಳಿಗಳಿಗೆ ಹೋಯಿತು, ಊರೂರು ನರಳಿದವು. ಕಾದಂಬರಿ ಓದಿದವರಿಗೆ ಇದು ತಿಳಿಯುವುದೇ ಇಲ್ಲ.

ಇಲ್ಲಿ ಮಾಗುವಾನ ಬಗ್ಗೆ ಹೇಳಲೇಬೇಕು. ಹಳೆಯ ಓದುಗರಿಗೆ ಅವನು ಬರೀ ಖಳ. ಈಗ ಓದುವ ಎಷ್ಟೋ ಜನರಿಗೆ ಇಡೀ ಪುಸ್ತಕದಲ್ಲಿ ನಿಜವಾದ ಮನುಷ್ಯ ಅನಿಸುವವನು ಅವನೇ. ನನಗೂ ಹಾಗೇ ಅನಿಸುತ್ತದೆ. ಹನ್ನೊಂದನೇ ಅಧ್ಯಾಯದಲ್ಲಿ ಅವನು ಕೋರಾಳಿಗೆ ತನ್ನ ಕತೆ ಹೇಳುತ್ತಾನೆ. ಅವನೊಬ್ಬ ಹ್ಯೂರನ್ ನಾಯಕ. ಬಿಳಿಯರು ತಂದ ಸಾರಾಯಿ ಕುಡಿಯಲು ಕಲಿತ. ಬುಡಕಟ್ಟಿನಿಂದ ಹೊರಬಿದ್ದ. ಮನ್ರೋನ ಸೇನೆ ಸೇರಿದ. ಕುಡಿದು ಬಂದದ್ದಕ್ಕೆ ಮನ್ರೋ ಅವನನ್ನು ಎಲ್ಲರ ಮುಂದೆ ಕಟ್ಟಿ ಚಾಟಿಯಲ್ಲಿ ಹೊಡೆಸಿದ. ಸಾರಾಯಿ ಕೊಟ್ಟವರು ಯಾರು, ಹೊಡೆದವರು ಯಾರು ಅಂತ ಅವನು ಕೇಳುತ್ತಾನೆ. ಕೋರಾ ಉತ್ತರ ಹೇಳಲಾಗದೆ ನಿಲ್ಲುತ್ತಾಳೆ. ಮುಂದೆ ತಾಮೆನುಂಡ್‌ನ ಮುಂದೆ ಮಾಡುವ ಭಾಷಣದಲ್ಲಿ, ದೇವರು ಬಿಳಿಯರಿಗೆ ಸಾಕಷ್ಟು ಕೊಟ್ಟಿದ್ದರೂ ಅವರಿಗೆ ಎಲ್ಲವೂ ಬೇಕು ಅನ್ನುತ್ತಾನೆ. ಕೂಪರ್ ಅವನನ್ನು ಕೆಟ್ಟವನಾಗಿ ಬರೆದರು. ಆದರೂ ಪುಸ್ತಕದ ಅತಿ ಸತ್ಯವಾದ ಮಾತುಗಳನ್ನು ಅವನ ಬಾಯಲ್ಲೇ ಇಟ್ಟರು. ಒಳ್ಳೆಯವನು ಅಂತ ಬರೆದ ಅಂಕಾಸ್‌ನಿಗೆ ಅಂಥ ಒಂದು ಮಾತೂ ಸಿಗಲಿಲ್ಲ.

ಗವರ್ನರ್ ಸಾಹೇಬರ ಅಭಿಪ್ರಾಯ

ನನ್ನನ್ನು ಬಹಳ ಕಾಡಿದ ಓದುಗರು ಲೂಯಿಸ್ ಕ್ಯಾಸ್. ಪುಸ್ತಕ ಬಂದಾಗ ಅವರು ಮಿಷಿಗನ್ ಸೀಮೆಯ ಗವರ್ನರ್. ಮೂಲನಿವಾಸಿಗಳ ಜೊತೆ ಎಷ್ಟೋ ಒಪ್ಪಂದಗಳಿಗೆ ಕೂತವರು. ಕೂಪರ್ ಬರೆದ ಇಂಡಿಯನ್ನರು, ಅಂದರೆ ಅಮೆರಿಕದ ಮೂಲನಿವಾಸಿಗಳು, ನಿಜವಾದವರಲ್ಲ, ಹೆಕ್‌ವೆಲ್ಡರ್ ಅವರ ಪುಸ್ತಕದಿಂದ ಎದ್ದುಬಂದವರು ಅಂತ ಅವರು ಟೀಕೆ ಮಾಡಿದರು.

ಟೀಕೆಯಲ್ಲಿ ಹುರುಳಿದೆ. ಜಾನ್ ಹೆಕ್‌ವೆಲ್ಡರ್ ಮೊರೇವಿಯನ್ ಪಂಥದ ಪಾದ್ರಿ. ಡೆಲವೇರ್ ಬುಡಕಟ್ಟಿನ ನಡುವೆ ಬಹಳ ವರ್ಷ ಇದ್ದು, 1819ರಲ್ಲಿ ಅವರ ಬಗ್ಗೆ ಪುಸ್ತಕ ಬರೆದರು. ಡೆಲವೇರರು ಹೇಳಿದ ಹಾಗೆಯೇ ಬರೆದರು. ಹಾಗಾಗಿ ಅದರಲ್ಲಿ ಡೆಲವೇರರು, ಅವರ ನೆಂಟರಾದ ಮೊಹಿಕನ್ನರು ಒಳ್ಳೆಯವರು, ಇರಾಕ್ವಾಯ್ ಕಡೆಯವರು ಕೆಟ್ಟವರು. ಕೂಪರ್ ಈ ಭಾಗವನ್ನು ಇದ್ದ ಹಾಗೇ ತಗೊಂಡರು. ಜೊತೆಗೆ ಇನ್ನೊಂದು ಗೊಂದಲವನ್ನೂ ಮಾಡಿದರು. ಅಂಕಾಸ್ ಅನ್ನುವ ಹೆಸರಿನ ನಿಜವಾದ ನಾಯಕ ಇದ್ದದ್ದು ಹದಿನೇಳನೇ ಶತಮಾನದಲ್ಲಿ, ಕನೆಕ್ಟಿಕಟ್‌ನ ಮೊಹೀಗನ್ ಬುಡಕಟ್ಟಿನಲ್ಲಿ. ಹಡ್ಸನ್ ಕಣಿವೆಯ ಮೊಹಿಕನ್ನರು ಬೇರೆಯೇ ಜನ. ಎರಡನ್ನೂ ಸೇರಿಸಿ ಒಂದೇ ಮಾಡಿದರು.

ಈ ಮಟ್ಟಿಗೆ ಕ್ಯಾಸ್ ಹೇಳಿದ್ದು ಸರಿ. ಆದರೆ ಅವರ ದೂರು ಏನಾಗಿತ್ತು? ಇಂಡಿಯನ್ನರನ್ನು ತೀರಾ ಒಳ್ಳೆಯವರಾಗಿ ತೋರಿಸಿದ್ದಾರೆ ಅನ್ನೋದು. ಅದೇ ಕ್ಯಾಸ್ 1831ರಲ್ಲಿ ಅಧ್ಯಕ್ಷ ಆಂಡ್ರೂ ಜಾಕ್ಸನ್ ಅವರ ಯುದ್ಧ ಮಂತ್ರಿಯಾದರು. ಅದಕ್ಕೆ ಒಂದು ವರ್ಷ ಮುಂಚೆ, 1830ರಲ್ಲಿ, ಮೂಲನಿವಾಸಿಗಳನ್ನು ಮಿಸಿಸಿಪ್ಪಿಯ ಆಚೆಗೆ ಸಾಗಿಸುವ ಕಾಯ್ದೆ ಬಂದಿತ್ತು. ಚಾಕ್ಟಾ ಜನರನ್ನು ಮನೆಮಾರು ಬಿಡಿಸಿ ಸಾಗಿಸುವ ಕೆಲಸ ನಡೆದದ್ದು ಕ್ಯಾಸ್ ಅವರ ಇಲಾಖೆಯ ಕೈಕೆಳಗೆ. ಒಂದು ಕಾದಂಬರಿಯ ಬಗ್ಗೆ ಹೇಳುವ ಅಭಿಪ್ರಾಯ ಬರೀ ಸಾಹಿತ್ಯದ ವಿಷಯ ಆಗಿರುವುದಿಲ್ಲ ಅನ್ನೋದಕ್ಕೆ ನನಗೆ ಇದಕ್ಕಿಂತ ಗಟ್ಟಿ ಉದಾಹರಣೆ ಸಿಕ್ಕಿಲ್ಲ.

ಹಾಗಾದರೆ ಕೂಪರ್ ಮೂಲನಿವಾಸಿಗಳ ಪರವಾಗಿದ್ದರಾ? ಅವರಿಗೆ ಮರುಕ ಇತ್ತು, ಪುಸ್ತಕದ ಪ್ರತಿ ಪುಟದಲ್ಲೂ ಅದು ಕಾಣುತ್ತದೆ. ಆದರೆ ಕೂಪರ್ ಮತ್ತು ಕ್ಯಾಸ್ ಒಂದು ವಿಷಯದಲ್ಲಿ ಒಂದೇ ಕಡೆ ನಿಂತಿದ್ದರು. ಈ ಜನ ಇಲ್ಲಿಂದ ಹೋಗಿಯಾಯಿತು, ಅಥವಾ ಹೋಗಲೇಬೇಕು ಅನ್ನೋದನ್ನು ಇಬ್ಬರೂ ಪ್ರಶ್ನೆ ಮಾಡಲಿಲ್ಲ. ಒಬ್ಬರು ಅದನ್ನು ಕಣ್ಣೀರಿನಲ್ಲಿ ಬರೆದರು, ಇನ್ನೊಬ್ಬರು ಆದೇಶದಲ್ಲಿ ಬರೆದರು. ‘ಪಾಪ, ಕೊನೆಯವನೂ ಹೋದ’ ಅಂತ ಮರುಗಿ ಪುಸ್ತಕ ಮುಚ್ಚಿದವರಿಗೆ, ಇನ್ನೂ ಬದುಕಿರುವವರ ಜಮೀನಿನ ಪ್ರಶ್ನೆ ಎದುರಾಗುವುದಿಲ್ಲ.

ಯಾರೂ ಕೇಳದ ಓದುಗರು

ಮೊಹಿಕನ್ನರು ಸತ್ತಿರಲಿಲ್ಲ. ಪುಸ್ತಕ ಬಂದ ದಿನವೂ ಇದ್ದರು, ಇವತ್ತೂ ಇದ್ದಾರೆ.

ಅವರ ಮೂಲ ನೆಲ ಹಡ್ಸನ್ ನದಿಯ ಎರಡೂ ದಡ. ಭೂಮಿ ಕೈತಪ್ಪುತ್ತಾ ಹೋದಂತೆ 1730ರ ದಶಕದಲ್ಲಿ ಬಹಳ ಜನ ಮ್ಯಾಸಚೂಸೆಟ್ಸ್‌ನ ಸ್ಟಾಕ್‌ಬ್ರಿಜ್ ಅನ್ನುವ ಜಾಗದಲ್ಲಿ ಸೇರಿದರು. ಕಾದಂಬರಿಯ ಕಾಲದ ಯುದ್ಧದಲ್ಲಿ ಇಂಗ್ಲಿಷರ ಕಡೆ ಬೇಹುಗಾರರಾಗಿ ಕಾದಾಡಿದರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ವಸಾಹತುಗಳ ಪರ ಹೋರಾಡಿದರು, 1778ರ ಆಗಸ್ಟ್‌ನಲ್ಲಿ ಕಿಂಗ್ಸ್‌ಬ್ರಿಜ್ ಹತ್ತಿರ ಒಂದೇ ಕಾಳಗದಲ್ಲಿ ಅವರ ದಳದ ಎಷ್ಟೋ ಯುವಕರು ಸತ್ತರು. ಯುದ್ಧ ಮುಗಿಸಿ ಬಂದರೆ ಸ್ಟಾಕ್‌ಬ್ರಿಜ್‌ನ ಭೂಮಿಯೂ ಕೈಬಿಟ್ಟಿತ್ತು. 1780ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಒಳಗೆ ಒನೈಡಾ ಜನ ಕೊಟ್ಟ ಜಾಗಕ್ಕೆ ಬಂದು ‘ನ್ಯೂ ಸ್ಟಾಕ್‌ಬ್ರಿಜ್’ ಕಟ್ಟಿದರು. ಅಲ್ಲಿಂದಲೂ ಎಬ್ಬಿಸಿ 1820ರ ದಶಕದಲ್ಲಿ ವಿಸ್ಕಾನ್ಸಿನ್ ಕಡೆಗೆ ಕಳಿಸಿದರು.

ಈ ಇಸವಿಗಳನ್ನು ಇನ್ನೊಮ್ಮೆ ನೋಡಿ. ಕೂಪರ್ ಈ ಕಾದಂಬರಿ ಬರೆದದ್ದು 1825ರಲ್ಲಿ. ಅವರು ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿ, ಅವರ ಅಪ್ಪ ಕಟ್ಟಿದ ಊರು ಅದು. ಅದೇ ರಾಜ್ಯದಲ್ಲಿ, ಅಲ್ಲಿಂದ ಒಂದೆರಡು ದಿನದ ಪ್ರಯಾಣದ ದೂರದಲ್ಲಿ, ಮೊಹಿಕನ್ ಕುಟುಂಬಗಳು ಹೊಲ ಮಾಡಿಕೊಂಡು, ಚರ್ಚಿಗೆ ಹೋಗಿಕೊಂಡು, ಮಕ್ಕಳಿಗೆ ಓದು ಕಲಿಸಿಕೊಂಡು ಬದುಕುತ್ತಿದ್ದವು. ಹೆಂಡ್ರಿಕ್ ಆಪೌಮಟ್ ಅನ್ನುವ ಅವರ ಹಿರಿಯ ನಾಯಕ ಆಗಿನ್ನೂ ಬದುಕಿದ್ದರು. ಇಂಗ್ಲಿಷ್ ಬಲ್ಲವರು, ತಮ್ಮ ಜನರ ಇತಿಹಾಸವನ್ನು ತಾವೇ ಬರೆದಿಟ್ಟವರು. ಅಂದರೆ ‘ಕೊನೆಯ ಮೊಹಿಕನ್’ ಪುಸ್ತಕವನ್ನು ಓದಬಲ್ಲ ಮೊಹಿಕನ್ನರು ಆಗಲೇ ಇದ್ದರು. ಮುನ್ನುಡಿಯಲ್ಲಿ ಯಾರು ಓದಬಾರದು ಅಂತ ಪಟ್ಟಿ ಮಾಡಿದ ಲೇಖಕರಿಗೆ ಈ ಓದುಗರು ಹೊಳೆಯಲೇ ಇಲ್ಲ.

1854ರ ಜುಲೈ 4ರಂದು ಜಾನ್ ಕ್ವಿನ್ನಿ ಅನ್ನುವ ಸ್ಟಾಕ್‌ಬ್ರಿಜ್ ಮೊಹಿಕನ್ ನಾಯಕ ನ್ಯೂಯಾರ್ಕ್‌ನ ರೀಡ್ಸ್‌ವಿಲ್‌ನಲ್ಲಿ ಬಿಳಿಯರ ಸ್ವಾತಂತ್ರ್ಯ ದಿನದ ಸಭೆಯಲ್ಲಿ ಎದ್ದು ನಿಂತು ಮಾತಾಡಿದರು. ತಮ್ಮ ಜನ ಯಾರು, ಈ ನೆಲ ಯಾರದಿತ್ತು, ಅದು ಹೇಗೆ ಕೈಬಿಟ್ಟಿತು ಅಂತ ಬಿಡಿಸಿ ಹೇಳಿದರು. ಕಾದಂಬರಿ ಬಂದು 28 ವರ್ಷ ಕಳೆದಿತ್ತು. ಈಗ ಆ ಮೊಹಿಕನ್ನರ ವಂಶದವರು ವಿಸ್ಕಾನ್ಸಿನ್‌ನ ಶಾವಾನೋ ಜಿಲ್ಲೆಯಲ್ಲಿ ಸ್ಟಾಕ್‌ಬ್ರಿಜ್-ಮನ್ಸೀ ಸಮುದಾಯವಾಗಿದ್ದಾರೆ. ಅಮೆರಿಕ ಸರ್ಕಾರ ಮಾನ್ಯ ಮಾಡಿದ ಬುಡಕಟ್ಟು ಅದು. ತಮ್ಮದೇ ಗ್ರಂಥಾಲಯ, ಮ್ಯೂಸಿಯಂ ಇಟ್ಟುಕೊಂಡಿದ್ದಾರೆ. ಕನೆಕ್ಟಿಕಟ್‌ನ ಮೊಹೀಗನ್ ಬುಡಕಟ್ಟು 1994ರಲ್ಲಿ ಸರ್ಕಾರದ ಮಾನ್ಯತೆ ಪಡೆಯಿತು. ಅದು ಇರುವ ಊರು ಅಂಕಾಸ್‌ವಿಲ್. ಕತೆಯಲ್ಲಿ ಸತ್ತ ಅಂಕಾಸ್‌ನ ಹೆಸರಿನ ನಿಜವಾದ ನಾಯಕನ ವಂಶ ಅದೇ ಹೆಸರಿನ ಊರಿನಲ್ಲಿ ಬಾಳುತ್ತಿದೆ.

ಈ ಪ್ರಕರಣದಲ್ಲಿ ನನ್ನ ತೀರ್ಮಾನ ಇಲ್ಲಿದೆ. ಟ್ವೈನ್ ಎಣಿಸಿದ ತಪ್ಪುಗಳೆಲ್ಲ ಕೂಪರ್ ಪುಸ್ತಕಗಳ ಒಳಗಿವೆ. ಒಣಕಡ್ಡಿ, ತೊರೆ, ಫಿರಂಗಿ ಗುಂಡು, ಯಾವುದನ್ನೂ ಓದುಗ ಕ್ಷಮಿಸಬಹುದು, ಯಾಕೆಂದರೆ ಅದರಿಂದ ಯಾರ ಬದುಕಿಗೂ ಏಟಾಗಲಿಲ್ಲ. ದೊಡ್ಡ ತಪ್ಪು ಇರುವುದು ಮುಖಪುಟದ ಮೇಲೆ. ಬದುಕಿರುವ ಜನರನ್ನು ಮುಗಿದುಹೋದವರು ಅಂತ ಜಗತ್ತಿಗೆಲ್ಲ ನಂಬಿಸಿದ್ದು ಆ ಹೆಸರು. ಟ್ವೈನ್ ಅದರ ಬಗ್ಗೆ ಏನೂ ಹೇಳಲಿಲ್ಲ. ಅವರೂ ತಮ್ಮ ಪುಸ್ತಕಗಳಲ್ಲಿ ಮೂಲನಿವಾಸಿಗಳನ್ನು ಕಠೋರವಾಗಿಯೇ ಬರೆದವರು, 1876ರ ಟಾಮ್ ಸಾಯರ್ ಕತೆಯ ಖಳ, ಅರ್ಧ ಮೂಲನಿವಾಸಿಯಾದ ‘ಇಂಜುನ್ ಜೋ’ನನ್ನು ನೆನಪಿಸಿಕೊಂಡರೆ ಸಾಕು.

ಸಿನಿಮಾ ನೋಡಿ ಬಂದವರು

ನಮ್ಮ ಕಡೆಯ ಈಗಿನ ಓದುಗರಲ್ಲಿ ಹೆಚ್ಚಿನವರು ಪುಸ್ತಕಕ್ಕೆ ಬರುವುದು 1992ರಲ್ಲಿ ಮೈಕಲ್ ಮನ್ ನಿರ್ದೇಶಿಸಿದ ಸಿನಿಮಾದಿಂದ. ಡೇನಿಯಲ್ ಡೇ-ಲೂಯಿಸ್ ಓಟ, ಆ ಸಂಗೀತ, ಕೊನೆಯ ಬೆಟ್ಟದ ದೃಶ್ಯ. ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಪುಸ್ತಕ ತೆರೆದವರಿಗೆ ನಿರಾಸೆ ಆಗುವುದು ಸಹಜ. ಸಿನಿಮಾದಲ್ಲಿ ಹಾಕ್‌ಐ ಮತ್ತು ಕೋರಾ ಪ್ರೇಮಿಗಳು, ಇಬ್ಬರೂ ಬದುಕುತ್ತಾರೆ. ಅಂಕಾಸ್ ಮನಸೋಲುವುದು ಆಲಿಸ್‌ಗೆ. ಪುಸ್ತಕದ ಹಾಕ್‌ಐಗೆ ಪ್ರೇಮವೇ ಇಲ್ಲ, ಅವನು ನಡುವಯಸ್ಸಿನ, ಮಾತು ಜಾಸ್ತಿ ಆಡುವ ಬೇಟೆಗಾರ. ಸಂಗೀತ ಅಂದರೆ ದಾರಿಯುದ್ದಕ್ಕೂ ಭಜನೆ ಹಾಡುವ ಡೇವಿಡ್ ಗಾಮಟ್. ಅವನನ್ನು ಸಿನಿಮಾದವರು ಪೂರ್ತಿ ಕೈಬಿಟ್ಟರು. ಸಿನಿಮಾ ಚಿತ್ರಕತೆ ನೆಚ್ಚಿಕೊಂಡದ್ದೂ ಪುಸ್ತಕಕ್ಕಿಂತ ಜಾಸ್ತಿ 1936ರ ಹಳೆಯ ಸಿನಿಮಾವನ್ನು. ಚಿಂಗಾಚ್‌ಗುಕ್ ಪಾತ್ರ ಮಾಡಿದ ರಸೆಲ್ ಮೀನ್ಸ್ ಮಾತ್ರ ನಿಜಜೀವನದಲ್ಲೂ ಮೂಲನಿವಾಸಿಗಳ ಹಕ್ಕಿಗಾಗಿ ಹೋರಾಡಿದ ಲಕೋಟಾ ನಾಯಕ.

ಮಕ್ಕಳ ಕೈಗೆ ಕೊಡಬಹುದಾ?

ಈ ಪ್ರಶ್ನೆ ಶಾಲೆಯ ಲೈಬ್ರರಿ ನೋಡಿಕೊಳ್ಳುವವರಿಂದ, ಅಪ್ಪ ಅಮ್ಮಂದಿರಿಂದ ಬರುತ್ತಲೇ ಇರುತ್ತದೆ. ಈ ಕಾದಂಬರಿಯ ಸಂಕ್ಷಿಪ್ತ ಆವೃತ್ತಿಗಳು ನಮ್ಮ ಪುಸ್ತಕದಂಗಡಿಗಳಲ್ಲೂ ಸಿಗುತ್ತವೆ. ಅವುಗಳಲ್ಲಿ ಓಟ, ಕಾಳಗ ಉಳಿದಿರುತ್ತವೆ. ಮಾಗುವಾ ತನ್ನ ಕತೆ ಹೇಳುವ ಜಾಗ, ಕೋರಾಳ ತಾಯಿಯ ವಿಷಯ, ಇವನ್ನು ಕತ್ತರಿಸಿದರೆ ಸಾಹಸ ಮಾತ್ರ ಉಳಿಯುತ್ತದೆ, ಪುಸ್ತಕ ತನ್ನನ್ನೇ ಪ್ರಶ್ನೆ ಮಾಡಿಕೊಳ್ಳುವ ಜಾಗಗಳು ಹೋಗಿಬಿಡುತ್ತವೆ. ಹಾಗಾಗಿ ಹತ್ತು ವರ್ಷದ ಮಗುವಿಗೆ ಸಂಕ್ಷಿಪ್ತ ಕೊಡುವುದಕ್ಕಿಂತ, ಹದಿನೈದು ದಾಟಿದ ಮೇಲೆ ಪೂರ್ತಿ ಪುಸ್ತಕ ಕೊಡುವುದು ಮೇಲು ಅಂತ ನಾನು ಹೇಳುತ್ತೇನೆ.

ಮೊದಲ ಎರಡು ಅಧ್ಯಾಯ ನಿಧಾನ. ವಾಕ್ಯಗಳು ಉದ್ದ, ಭೂಗೋಳದ ವಿವರ ಜಾಸ್ತಿ. ಅಲ್ಲಿ ಸ್ವಲ್ಪ ತಾಳ್ಮೆ ಬೇಕು ಅಂತ ಮೊದಲೇ ಹೇಳಿಬಿಡಿ. ಮೂರನೆಯದರಲ್ಲಿ ಹಾಕ್‌ಐ ಮತ್ತು ಚಿಂಗಾಚ್‌ಗುಕ್ ಹೊಳೆದಂಡೆಯಲ್ಲಿ ಕೂತು, ಈ ನೆಲಕ್ಕೆ ಯಾರು ಮೊದಲು ಬಂದರು, ಯಾರಿಗೆ ಹಕ್ಕಿದೆ ಅಂತ ವಾದ ಮಾಡುತ್ತಾರೆ. ಅಲ್ಲಿ ನಿಲ್ಲಿಸಿ, ನಿನಗೆ ಯಾರ ಮಾತು ಸರಿ ಅನಿಸುತ್ತೆ ಅಂತ ಕೇಳಿ. ಐದರಿಂದ ಒಂಬತ್ತರವರೆಗೆ ತಡೆಯದೆ ಓದಲು ಬಿಡಿ. ಹದಿನೇಳರ ಹತ್ಯಾಕಾಂಡ ಮುಗಿದ ಮೇಲೆ ಸ್ಟೀಲ್ ಕೊಟ್ಟ ಸಂಖ್ಯೆ ಹೇಳಿ. ಕೊನೆಗೆ ತಾಮೆನುಂಡ್ ಮಾತು ಓದಿ ಮುಗಿಸಿದಾಗ, ವಿಸ್ಕಾನ್ಸಿನ್ ನಕ್ಷೆ ತೆರೆದು ಶಾವಾನೋ ಜಿಲ್ಲೆ ತೋರಿಸಿ, ಅಲ್ಲಿನ ಮೊಹಿಕನ್ನರು ತಮ್ಮ ಬಗ್ಗೆ ತಾವೇ ಬರೆದದ್ದನ್ನು ಮುಂದಿನ ಓದಿಗೆ ಕೊಡಿ.